ತುಂಬಿದ ಬೋರು, ಸುಟ್ಟ ಮೋಟಾರು

ವಾಸನೆಯಿಂದ ಶುರು ಮಾಡುತ್ತೇನೆ, ಉಳಿದದ್ದರ ಬಗ್ಗೆ ನನಗೆ ಅಷ್ಟು ಖಾತ್ರಿಯಿಲ್ಲ. ಅಂದು ಸಂತೆಯ ದಿನ ಎಂದು ತಲೆ ಹೇಳುತ್ತದೆ. ಆದರೆ ಸಂತೆಯ ದಿನ ಬಸವನ ಬಾಗೇವಾಡಿಯ ನನ್ನ ಮೋಟಾರ್ ವೈಂಡಿಂಗ್ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಲೂ ಜಾಗ ಇರುವುದಿಲ್ಲ. ಅಂದು ಟ್ರ್ಯಾಕ್ಟರ್ ಸರಾಗವಾಗಿ ಬಂದು ನಿಂತಿತು. ಹಾಗಾದರೆ ತಲೆ ಸುಳ್ಳು ಹೇಳುತ್ತಿದೆ. ವಾಸನೆ ಸುಳ್ಳಲ್ಲ. ಮೋಟಾರಿನ ಮುಚ್ಚಳ ಬಿಚ್ಚಿದೆ. ಒಳಗೆ ತುಂಬಿದ್ದ ನೀರು ಚಹಾದ ಬಣ್ಣದಲ್ಲಿ ಹರಿದು ಬಂತು, ಅದರ ಹಿಂದೆಯೇ ಕರಗಿದ ಪ್ಲಾಸ್ಟಿಕ್ಕಿನ ಘಾಟು. ತಂತಿಯ ಸುರುಳಿಗಳು ಮೂರು ಗುಂಪು, ಒಂದೊಂದು ಫೇಸಿಗೆ ಒಂದು. ಮೂರೂ ಸಮನಾಗಿ ಕಪ್ಪಾಗಿದ್ದವು.

ಮೂರನೇ ಸಲ. ಅದೇ ಮೋಟಾರು, ಅದೇ ಊರು, ಅದೇ ಕಪ್ಪು.

ಸುಟ್ಟ ಮೋಟಾರು ನೋಡಿ ಅದು ಯಾವ ಕಡೆಯದೆಂದು ಹೇಳುವ ಚಟ ನನಗಿದೆ. ಇಂಡಿಯ ಲಿಂಬೆ ತೋಟಗಳಿಂದ ಬರುವುದರಲ್ಲಿ ಹೆಚ್ಚಾಗಿ ಒಂದು ಗುಂಪು ಹೊಸದರ ಹಾಗೆ ಹೊಳೆಯುತ್ತಿರುತ್ತದೆ. ಒಂದು ಫೇಸು ಹೋಗಿ, ಉಳಿದೆರಡು ಅದರ ಭಾರ ಹೊತ್ತು ಸುಟ್ಟಿರುತ್ತವೆ. ಸಿಂದಗಿ ತಾಲೂಕಿನ ಮೋರಟಗಿಯಿಂದ ಬಂದರೆ ಮೊದಲು ಎರೆಮಣ್ಣಿನ ರಾಡಿ ತೊಳೆಯಬೇಕು. ಮುದ್ದೇಬಿಹಾಳದ ಗಿರಾಕಿಗಳು ಎಲ್ಲವನ್ನೂ ತಾವೇ ಒಮ್ಮೆ ಬಿಚ್ಚಿ ನೋಡಿ, ಎರಡು ಬೋಲ್ಟು ಕಳೆದು ತರುತ್ತಾರೆ. ಇದು ಅವು ಯಾವುದೂ ಅಲ್ಲ. ಮಸೂತಿ ಎಂಬ ಊರು ದಾಟಿ ಮುಳವಾಡದ ಕಡೆ ಹೋಗುವಾಗ ಒಳಗೆ ಸಿಗುವ ಒಂದು ಸಣ್ಣ ಊರಿನ ಕುಡಿಯುವ ನೀರಿನ ಮೋಟಾರು. ಮೂರು ಗುಂಪೂ ಒಂದೇ ಸಮ ಸುಟ್ಟಿವೆ ಎಂದರೆ, ಮೋಟಾರು ತನ್ನ ಶಕ್ತಿಗೆ ಮೀರಿ ಕರೆಂಟು ಎಳೆದಿದೆ. ಯಾಕೆ ಎಳೆಯಿತು ಎಂಬುದನ್ನು ತಂತಿ ಹೇಳುವುದಿಲ್ಲ. ಮೊದಲೆರಡು ಸಲ ನಾನು ವೋಲ್ಟೇಜಿನ ಮೇಲೆ ಹಾಕಿದ್ದೆ. ವೋಲ್ಟೇಜು ಕಡಿಮೆಯಾದರೂ ಹೀಗೇ ಸುಡುತ್ತದೆ, ನಮ್ಮ ಕಡೆ ಅದನ್ನು ಯಾರೂ ಅಲ್ಲ ಎನ್ನುವುದಿಲ್ಲ.

ಟ್ರ್ಯಾಕ್ಟರಿನಿಂದ ಇಳಿದವರು ಇಬ್ಬರು. ಒಬ್ಬರು ಆ ಊರಿನ ಪಂಚಾಯಿತಿ ಸದಸ್ಯರು, ಕಿರಾಣಿ ಅಂಗಡಿಯವರು, ಊರು ಅವರನ್ನು ಸಾವಕಾರ ಎನ್ನುತ್ತದೆ. ಇನ್ನೊಬ್ಬ ನೀರು ಬಿಡುವವ. ಪಂಪ್ ಮನೆಯ ಸ್ವಿಚ್ ಹಾಕಿ, ಎತ್ತರದ ನೀರಿನ ಟಾಕಿ ತುಂಬಿಸಿ, ಓಣಿ ಓಣಿಗೆ ವಾಲ್ವ್ ತಿರುಗಿಸುವುದು ಅವನ ಕೆಲಸ. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವನು, ನಾನು ಅವನನ್ನು ಕಾಕಾ ಎನ್ನುತ್ತೇನೆ. ಸಾವಕಾರರು ಕುರ್ಚಿ ಎಳೆದುಕೊಂಡರು, ಕಾಕಾ ಹೊಸ್ತಿಲಾಚೆ ನಿಂತ.

"ಅಕ್ಕಾರ, ನಮ್ಮ ಮೋಟಾರಿಗೆ ನಿಮ್ಮ ಅಂಗಡಿ ತವರಮನಿ ಆಗೇತಿ ನೋಡ್ರಿ," ಎಂದರು ಸಾವಕಾರರು. "ಇದು ಮೂರನೇ ಬಾಣಂತನ."

"ಬಾಣಂತನ ಮಾಡೂದು ನಾನ್ರಿ. ಬಸುರು ಯಾರಿಂದ ಅಂತ ಊರಾಗ ಕೇಳ್ರಿ."

ಈ ಉತ್ತರ ನಾನು ಅಲ್ಲೇ ಕೊಟ್ಟೆನೋ, ಮನೆಗೆ ಹೋಗಿ ಅಡುಗೆ ಮಾಡುವಾಗ ಹೊಳೆಯಿತೋ ಈಗ ಹೇಳಲಾರೆ. ಹೇಳಿದೆ ಎಂದೇ ಇಟ್ಟುಕೊಳ್ಳೋಣ. ಅವರು ನಕ್ಕದ್ದು ನೆನಪಿದೆ, ನಗು ನಿಂತ ಕೂಡಲೇ ಹೇಳಿದ್ದೂ ನೆನಪಿದೆ.

"ಯಾರಿಂದ ಅಂತ ಊರಿಗೆ ಗೊತ್ತೈತಿ. ಇಂವ ಸ್ವಿಚ್ ಹಾಕಿ ಮಲಗ್ತಾನ. ಬೋರ್ ಖಾಲಿ ಆಗತೈತಿ, ಮೋಟಾರ್ ಒಣಾ ಓಡಿ ಸುಡತೈತಿ. ಮುಂದಿನ ಸಭಾದಾಗ ಇವನ್ನ ತಗದು ಬ್ಯಾರೇದವನ್ನ ಹಾಕೂದು ಅಂತ ಆಗೇತಿ." ಅಂಗಿಯ ಜೇಬು ತಟ್ಟಿದರು. "ಪಂಪ್ ಮನಿ ಕೀಲಿ ಈಗಾಗಲೇ ನನ್ನ ಕಡೆ ಐತಿ."

ನಾನು ಕಾಕಾನ ಮುಖ ನೋಡಿದೆ. ಕಳ್ಳನ ಮುಖವಲ್ಲ, ಕಳ್ಳನಲ್ಲದವನ ಮುಖವೂ ಅಲ್ಲ.

"ಮತ್ತ ಇನ್ನೊಂದು ಮಾತು," ಸಾವಕಾರರು ಎದ್ದು ನಿಂತು ಹೇಳಿದರು. "ಸುಡಾವ ಒಬ್ಬ, ಸುತ್ತಾಕಿ ಒಬ್ಬಾಕಿ, ಇಬ್ಬರದೂ ಒಳಗಿಂದೊಳಗ ಐತಿ ಅಂತನೂ ಮಂದಿ ಅಂತಾರ. ನಾ ಅನ್ನೂದಿಲ್ರಿ. ಮಂದಿ."

ಕೈಯಲ್ಲಿದ್ದ ಬೋಲ್ಟು ಬಿಚ್ಚುವ ಪಾನಾ ಕೆಳಗಿಟ್ಟೆ. ಮಾಸ್ತರರ ಮಗಳಾಗಿ ತಂತಿ ಸುತ್ತುತ್ತೇನೆಂದು ನಮ್ಮ ಆಯಿ ಇವತ್ತಿಗೂ ಮರಾಠಿಯಲ್ಲಿ ಗೊಣಗುತ್ತಾಳೆ, ಅದು ನನಗೆ ಅಭ್ಯಾಸವಾಗಿದೆ. ಇದು ಅಭ್ಯಾಸದ ಮಾತಲ್ಲ.

ಒಣಾ ಓಡಿದರೆ ಮೋಟಾರು ಹೀಗೆ ಸುಡುವುದಿಲ್ಲ. ನೀರಿಲ್ಲದಾಗ ಎತ್ತಲು ಭಾರವೇ ಇರುವುದಿಲ್ಲ, ಕರೆಂಟು ಇಳಿಯುತ್ತದೆ, ಏರುವುದಿಲ್ಲ. ನೀರಿನ ತಂಪು ತಪ್ಪಿ ದಂಡ ತಿರುಗುವ ಬುಷ್ಷುಗಳು ಬೇಯುತ್ತವೆ, ಪಂಪಿನೊಳಗಿನ ಪ್ಲಾಸ್ಟಿಕ್ ಚಕ್ರಗಳು ಮುದುಡುತ್ತವೆ. ಇದನ್ನು ಹೇಳಲು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ಉಳಿಯಿತು. ಚಕ್ರಗಳು ಹೇಗಿವೆ ಎಂದು ನಾನು ನೋಡಿಯೇ ಇರಲಿಲ್ಲ.

ಸಬ್‌ಮರ್ಸಿಬಲ್ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ಎರಡು ಯಂತ್ರ. ಕೆಳಗೆ ಮೋಟಾರು, ಅದರ ತಲೆಯ ಮೇಲೆ ಪಂಪು, ನಡುವೆ ಒಂದು ಜೋಡಣೆ. ನಮ್ಮ ಕಡೆಯ ಪದ್ಧತಿ ಏನೆಂದರೆ, ಬೋರಿನಿಂದ ಮೇಲೆತ್ತಿದ ಕೂಡಲೇ ಎರಡನ್ನೂ ಬಿಡಿಸುತ್ತಾರೆ. ಮೋಟಾರು ಟ್ರ್ಯಾಕ್ಟರ್ ಹತ್ತಿ ನನ್ನ ಅಂಗಡಿಗೆ ಬರುತ್ತದೆ, ಪಂಪು ಊರಿನಲ್ಲೇ ಗೋಡೆಗೆ ಒರಗಿ ಕಾಯುತ್ತದೆ. ನಾನು ಕೆಳಗಿನ ಅರ್ಧ ನೋಡುತ್ತೇನೆ. ಬೋರು ಎತ್ತುವವರು ಪೈಪು ನೋಡುತ್ತಾರೆ. ನೀರು ಬಿಡುವವನು ಟಾಕಿ ನೋಡುತ್ತಾನೆ. ಮೂರನ್ನೂ ಒಟ್ಟಿಗೆ ನೋಡುವ ಪ್ರಾಣಿ ಯಾವುದೂ ಇಲ್ಲ.

"ಸಾವಕಾರ್ರ, ಈ ಸಲ ನಾನ ಬರ್ತೇನ್ರಿ ನಿಮ್ಮೂರಿಗೆ," ಎಂದೆ.

---

ಬೋರಿನಿಂದ ಎತ್ತಿ ಇಳಿಸುವ ಕೆಲಸ ಚಾಚಾನದು. ಟ್ರ್ಯಾಕ್ಟರಿಗೆ ಕಂಬ ಕೂಡಿಸಿ, ಚೈನು ಹಾಕಿ, ಒಂದೊಂದೇ ಪೈಪು ಮೇಲೆಳೆದು ಬಿಡಿಸುತ್ತಾನೆ. ಮೂರು ಸಲವೂ ಅವನೇ ಎತ್ತಿದ್ದ. ನಾನು ಹೋದಾಗ ಪಂಪ್ ಮನೆಯ ನೆರಳಿನಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದ. ಸುತ್ತಲೂ ತೊಗರಿ ಹೂ ಬಿಟ್ಟಿತ್ತು. ಅಥವಾ ಕಾಯಿ ಕಟ್ಟಿತ್ತು. ಹಳದಿ ನೆನಪಿದೆ, ಹೂವೆಂದೇ ಬರೆಯುತ್ತೇನೆ.

"ಬೇಟಿ, ಡಾಕ್ಟರ್ ಹೆಣ ನೋಡಾಕ ಮನೀ ತನಕ ಬಂದಂಗ ಆತಲ್ಲ," ಎಂದ ಚಾಚಾ.

ಗೋಡೆಗೆ ಒರಗಿದ್ದ ಪಂಪನ್ನು ಚೀಲದ ಮೇಲೆ ಮಲಗಿಸಿ ಬಿಚ್ಚಿದೆವು. ಪಂಪೆಂದರೆ ಬಟ್ಟಲಿನ ಮೇಲೆ ಬಟ್ಟಲು. ಪ್ರತಿ ಬಟ್ಟಲಿನೊಳಗೆ ಒಂದು ಚಕ್ರ, ಅದನ್ನು ನಾವು ಇಂಪೆಲ್ಲರ್ ಎನ್ನುತ್ತೇವೆ. ಚಕ್ರ ತಿರುಗಿ ನೀರನ್ನು ಅಂಚಿಗೆ ಎಸೆಯುತ್ತದೆ, ಬಟ್ಟಲು ಅದನ್ನು ಹಿಡಿದು ಮೇಲಿನ ಚಕ್ರದ ಬಾಯಿಗೆ ಕೊಡುತ್ತದೆ. ಅದು ಇನ್ನಷ್ಟು ಒತ್ತಿ ಅದರ ಮೇಲಿನದಕ್ಕೆ. ಮನೆ ಕಟ್ಟುವಾಗ ಏಣಿಯ ಮೇಲೆ ನಿಂತವರು ಕೈಯಿಂದ ಕೈಗೆ ಇಟ್ಟಿಗೆ ದಾಟಿಸುವ ಹಾಗೆ. ಮೇಲಿನಿಂದ ಎಳೆಯುವ ಪಂಪು ಆಳದ ನೀರನ್ನು ತರಲಾರದು. ಇದು ನೀರಿನಲ್ಲಿ ಮುಳುಗಿ ಕೆಳಗಿನಿಂದ ನೂಕುತ್ತದೆ. ನೂಕುವ ಚಕ್ರದ ಮೇಲೆ ಹಿಂದಕ್ಕೆ ಒತ್ತಡ ಬೀಳುತ್ತದೆ, ಆದ್ದರಿಂದ ಚಕ್ರಗಳು ಕೆಳಗೆ ಒತ್ತಿಕೊಂಡು ತಿರುಗುತ್ತವೆ. ಸವೆದರೆ ಕೆಳಗಿನ ಮುಖ ಸವೆಯಬೇಕು. ಇಷ್ಟು ವರ್ಷದಲ್ಲಿ ನಾನು ನೋಡಿದ್ದೆಲ್ಲ ಹಾಗೆಯೇ.

ಮೊದಲ ಚಕ್ರ ಕೈಗೆ ತೆಗೆದುಕೊಂಡೆ. ಕೆಳಮುಖ ಹೊಸದರ ಹಾಗಿತ್ತು. ತಿರುವಿದೆ. ಮೇಲ್ಮುಖವನ್ನು ಯಾರೋ ಅರ ಹಾಕಿ ತಿಕ್ಕಿದ ಹಾಗೆ ಸುತ್ತಲೂ ಗೀರು, ಅಂಚಿನಲ್ಲಿ ಸವೆದ ಪುಡಿ.

ಎರಡನೆಯದು ಹಾಗೇ. ಮೂರನೆಯದೂ. ಬಟ್ಟಲುಗಳನ್ನು ತಲೆಕೆಳಗಾಗಿ ಜೋಡಿಸಿದ್ದಾರೇನೋ ಎಂದು ನೋಡಿದೆ. ಇಲ್ಲ. ಎಲ್ಲವೂ ಸರಿಯಾಗೇ ಇತ್ತು. ಚಕ್ರಗಳು ಮಾತ್ರ ಕೆಳಗೆ ಒತ್ತಿಕೊಳ್ಳುವ ಬದಲು ಮೇಲಕ್ಕೆ ಹಾರಿ, ತಲೆ ಚಚ್ಚಿಕೊಂಡು ತಿರುಗಿದ್ದವು.

ನನಗೆ ಗೊತ್ತಿರುವ ಒಂದೇ ಒಂದು ಕಾರಣದಿಂದ ಹೀಗಾಗುತ್ತದೆ, ಆ ಕಾರಣ ಈ ಊರಿನಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಪಂಪಿಗೆ ಎದುರೊತ್ತಡ ಸಾಲದೆ, ಬೇಕಾದ್ದಕ್ಕಿಂತ ವಿಪರೀತ ನೀರು ಅದರ ಮೂಲಕ ನುಗ್ಗಬೇಕು. ಅಂದರೆ ನೀರು ಹೆಚ್ಚಾಗಿ ಮೋಟಾರು ಸುಡಬೇಕು.

"ಚಾಚಾ, ಪೈಪ್ ಎತ್ತೂ ಮುಂದ ಏನರೆ ನೋಡಿದ್ರೇನು?"

"ಏನ್ ನೋಡೂದು? ಪೈಪಿನ ಮೈಯೆಲ್ಲಾ ಹಸೀ ಇತ್ತು. ಎರಡನೇ ಪೈಪಿನಿಂದ ಹಿಡದು ತಳದ ತನಕ. ಎಲ್ಲೋ ಜಾಯಿಂಟ್ ಸೋರಾಕತ್ತೇತಿ ಅಂದ್ಕೊಂಡೆ."

"ಮೂರು ಸಲನೂ?"

"ಮೂರು ಸಲನೂ." ಅವನ ಕೈಯಲ್ಲಿ ಶೇಂಗಾ ಹಾಗೇ ನಿಂತಿತು.

ಬೋರಿನ ಬಾಯಿಗೆ ಮುಚ್ಚಿದ್ದ ತಗಡು ಸರಿಸಿದೆ. ನೆಲದಿಂದ ಒಂದು ಹರಳು ಆರಿಸಿದೆ. ಬೋರಿನೊಳಗೆ ಕಲ್ಲು ಹಾಕಬಾರದು, ಬೇರೆ ಯಾರಾದರೂ ಹಾಕಿದ್ದರೆ ನಾನೇ ಬೈಯುತ್ತಿದ್ದೆ. ಬಿಟ್ಟೆ. ಶಬ್ದಕ್ಕೆ ಕಾಯಲು ಉಸಿರು ಒಳಗೆಳೆದುಕೊಳ್ಳಬೇಕು ಅನ್ನುವಷ್ಟರಲ್ಲಿ, ಬುಳಕ್.

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಇನ್ನೊಂದು ಹಾಕಿದೆ. ಬುಳಕ್. ಹಗ್ಗಕ್ಕೆ ನಟ್ಟು ಕಟ್ಟಿ ಇಳಿಸಿದೆವು. ಎರಡು ಪೈಪಿನ ಉದ್ದ ಮುಗಿಯುವ ಮೊದಲೇ ಹಗ್ಗ ಹಸಿಯಾಯಿತು. ಈ ಬೋರಿನಲ್ಲಿ ಪಂಪು ಕೂತಿದ್ದದ್ದು ಹದಿನೈದು ಪೈಪಿನ ಕೆಳಗೆ.

"ಯಾ ಅಲ್ಲಾ," ಎಂದ ಚಾಚಾ. "ನೀರ ಮನೀ ಬಾಗಿಲಾಗ ನಿಂತೈತಿ. ನಾವ ಪಾತಾಳದಾಗ ಹುಡುಕಾಕತ್ತೇವಿ."

ನಾನು ತಲೆ ಎತ್ತಿ ನೋಡಿದೆ. ತೊಗರಿಯ ಆಚೆ ಕೆರೆ. ನಾನು ಚಿಕ್ಕವಳಿದ್ದಾಗ ಅದರೊಳಗೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಏತ ನೀರಾವರಿ ಬಂದಮೇಲೆ ಅದಕ್ಕೆ ನದಿಯ ನೀರು ತುಂಬಿಸುತ್ತಾರೆ, ಅದು ಎಲ್ಲರಿಗೂ ಗೊತ್ತು. ಆ ನೀರು ಬಂಡೆಯ ಪದರಿನಿಂದ ಪದರಿಗೆ ಇಳಿದು, ಊರಿನ ಕಾಲ ಕೆಳಗೆ ಬಂದು ನಿಂತದ್ದು ಯಾರಿಗೂ ಗೊತ್ತಿಲ್ಲ. ಬೋರಿನ ಬಾಯಿಗೆ ತಗಡು ಮುಚ್ಚಿತ್ತು. ತಗಡಿನ ಮೇಲೆ ನಮ್ಮ ಅಭ್ಯಾಸ ಕೂತಿತ್ತು. ನಮ್ಮ ಕಡೆ ಮೋಟಾರು ಸುಟ್ಟಿತೆಂದರೆ ನೀರು ಇಳಿದಿದೆ ಎಂದೇ ಅರ್ಥ. ಮೇಲೆತ್ತಿ, ಸುತ್ತಿಸಿ, ಇನ್ನೆರಡು ಪೈಪು ಕೂಡಿಸಿ ಮತ್ತಷ್ಟು ಕೆಳಗೆ ಬಿಡುವುದು. ಈ ಊರಿನವರೂ ಹಾಗೇ ಮಾಡಿದ್ದರು. ನೀರು ಮೇಲೆ ಮೇಲೆ ಬರುತ್ತಿತ್ತು, ನಾವು ಪಂಪನ್ನು ಕೆಳಗೆ ಕೆಳಗೆ ಇಳಿಸುತ್ತಿದ್ದೆವು.

"ಹಂಗಾರ ಪೈಪ್ ತಗದು ಮ್ಯಾಲ ಕೂಡಸೂಣೇನು?"

"ಅದರಿಂದ ಏನೂ ಫರಕ್ ಇಲ್ಲ ಚಾಚಾ." ಇದು ನನಗೂ ಒಮ್ಮೆ ತಲೆಗೆ ಹೋಗದ ಮಾತು. ಪಂಪು ಎಷ್ಟೇ ಆಳದಲ್ಲಿರಲಿ, ಬೋರಿನಲ್ಲಿ ನೀರು ನಿಂತ ಮಟ್ಟದವರೆಗೆ ಪೈಪಿನೊಳಗಿನ ನೀರನ್ನು ಹೊರಗಿನ ನೀರೇ ಹೊತ್ತಿರುತ್ತದೆ. ಪಂಪು ನೂಕಬೇಕಾದ್ದು ಆ ಮಟ್ಟದಿಂದ ಮೇಲಕ್ಕೆ ಮಾತ್ರ. ಈ ಪಂಪನ್ನು ಪಾತಾಳದ ನೀರು ಎತ್ತಲೆಂದು ಆರಿಸಿದ್ದು. ಈಗ ಅದಕ್ಕೆ ಆ ಭಾರವೇ ಇಲ್ಲ. ಭಾರವಿಲ್ಲದ ಪಂಪು ಸುಮ್ಮನಿರುವುದಿಲ್ಲ, ಎತ್ತುವ ಎತ್ತರ ಕಡಿಮೆಯಾದಷ್ಟೂ ಹೆಚ್ಚು ನೀರು ನೂಕುತ್ತದೆ. ಹೆಚ್ಚು ನೀರಿಗೆ ಹೆಚ್ಚು ಕರೆಂಟು. ಇಳಿಜಾರಿನಲ್ಲಿ ನೊಗದ ಭಾರ ತಪ್ಪಿದ ಎತ್ತಿನ ಹಾಗೆ ಓಡಿ ಓಡಿ ತನ್ನ ಎದೆ ತಾನೇ ಒಡೆದುಕೊಳ್ಳುತ್ತದೆ.

ಆದರೂ ಲೆಕ್ಕ ಪೂರ್ತಿ ಕೂಡುತ್ತಿರಲಿಲ್ಲ. ಟಾಕಿ ಎತ್ತರದಲ್ಲಿದೆ, ಅಷ್ಟು ಭಾರವಾದರೂ ಉಳಿಯಬೇಕು. ಮೋಟಾರು ಬಿಸಿಯಾಗಬಹುದು, ಮೂರು ಸಲ ಸುಡಬಾರದು. ಸ್ಟಾರ್ಟರಿನ ಡಬ್ಬಿ ತೆಗೆದು ನೋಡಿದೆ. ಕರೆಂಟು ಮೀರಿದರೆ ಬಂದ್ ಮಾಡುವ ರಿಲೇಯ ಕಿವಿಯನ್ನು, ಎಷ್ಟು ಕರೆಂಟಿಗೂ ಬಂದ್ ಆಗದ ಹಾಗೆ, ಕೊನೆಯವರೆಗೆ ತಿರುವಿಟ್ಟಿದ್ದರು. ಇದರಲ್ಲಿ ಆಶ್ಚರ್ಯವಿಲ್ಲ, ನಮ್ಮ ನಾಲ್ಕು ತಾಲೂಕಿನಲ್ಲಿ ಸರಿಯಾದ ಜಾಗದಲ್ಲಿರುವ ರಿಲೇಯನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ನಡು ನಡುವೆ ಬಂದ್ ಮಾಡುವ ರಿಲೇ ಯಾರಿಗೂ ಬೇಡ. ಆಶ್ಚರ್ಯ ಇದ್ದದ್ದು ಗೋಡೆಯಾಚೆ.

ಅಲ್ಲಿ ಎರಡು ವಾಲ್ವ್. ಒಂದು ಟಾಕಿಗೆ. ಇನ್ನೊಂದು ಟಾಕಿ ಬಿಟ್ಟು ನೇರವಾಗಿ ದಿನ್ನೆಯ ಮೇಲಿನ ಕಡೇ ಓಣಿಗೆ ಹೋಗುವುದು. ಅದನ್ನು ಎಷ್ಟೋ ವರ್ಷದ ಹಿಂದೆ ಪಂಚಾಯಿತಿ ಬಂದ್ ಮಾಡಿಸಿದೆ, ಯಾರೂ ಮುಟ್ಟುವಂತಿಲ್ಲ ಎಂದು ದಾರಿಯಲ್ಲಿ ಸಾವಕಾರರೇ ಹೇಳಿದ್ದರು. ಬೋರಿನಲ್ಲಿ ನೀರು ಸಾಲದಿದ್ದಾಗ ಎಲ್ಲವೂ ಟಾಕಿಗೇ ಹೋಗಲಿ ಎಂದು ಮಾಡಿದ ನಿಯಮ. ದಿನ್ನೆ ಟಾಕಿಯಷ್ಟು ಎತ್ತರವೇನಲ್ಲ, ಆದರೆ ಟಾಕಿಯಿಂದ ಬಿಟ್ಟ ನೀರನ್ನು ಕೆಳಗಿನ ಓಣಿಗಳೇ ಎಳೆದುಕೊಳ್ಳುತ್ತವೆ, ದಿನ್ನೆಯವರು ಕೆಳಗಿನ ನಳಕ್ಕೆ ಬಂದು ಹೊರುತ್ತಾರೆ. ಟಾಕಿಯ ವಾಲ್ವಿನ ಚಕ್ರಕ್ಕೆ ತುಕ್ಕು ಹಿಡಿದಿತ್ತು. ಯಾರೂ ಮುಟ್ಟದ ವಾಲ್ವಿನ ಚಕ್ರ ಹೊಳೆಯುತ್ತಿತ್ತು. ಅದರ ಹಲ್ಲಿಗೆ ಯಾರೋ ಗ್ರೀಸ್ ಹಚ್ಚಿದ್ದರು.

---

ಕಾಕಾ ಬೇವಿನ ಗಿಡದ ಕೆಳಗೆ ಕೂತಿದ್ದ. ಸಾವಕಾರರು ಮನೆಗೆ ಊಟಕ್ಕೆ ಹೋಗಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಗ್ರೀಸ್ ಹತ್ತಿದ ಬೆರಳು ಅವನಿಗೆ ಕಾಣುವ ಹಾಗೆ ಇಟ್ಟುಕೊಂಡೆನೇ? ಬೇಕೆಂದೇ ಹಾಗೆ ಮಾಡಿದೆನೆಂದು ಬರೆದರೆ ಕತೆ ಚೆನ್ನಾಗಿರುತ್ತದೆ. ನನಗೆ ಗೊತ್ತಿಲ್ಲ. ಅವನು ನನ್ನ ಬೆರಳು ನೋಡಿದ್ದು ನಿಜ.

"ಅಕ್ಕಾರ, ಯಾರ ಮುಂದೂ ಹೇಳಬ್ಯಾಡ್ರಿ."

"ಯಾವಾಗಿಂದ ಕಾಕಾ?"

"ಟಾಕಿ ಲಗೂ ಲಗೂ ತುಂಬಾಕ ಹತ್ತಿತ್ರಿ. ಏನೋ ದೇವರು ಕಣ್ಣು ಬಿಟ್ಟಾನ ಅಂದ್ಕೊಂಡೆ. ತುಂಬಿದ ಮ್ಯಾಲ ಥ್ರೀಫೇಸ್ ಕರೆಂಟ್ ಇನ್ನೂ ಉಳೀತಿತ್ತು. ಸುಮ್ನ ನೋಡೂಣಂತ ಆ ವಾಲ್ವ್ ತಿರುವಿದೆ. ಪೂರಾ ತಿರುವಿದೆ. ದಿನ್ನಿ ಏರಿ ಹೋತ್ರಿ ನೀರು! ಒಂದು ಮುದುಕಿ ನಳದ ಮುಂದ ಕುಂತು ಅತ್ಲು. ಆಮ್ಯಾಲ ದಿನಾ ತಿರುವಿದೆ."

"ನೀವು ಮಲಗತೀರಿ ಅಂತ ಊರೆಲ್ಲಾ ಅನ್ನಾಕತ್ತೇತಿ. ಖರೇ ಹೇಳಬಾರದೇನು?"

"ಹೇಳಿದ್ರ ಆ ವಾಲ್ವಿಗೆ ವೆಲ್ಡಿಂಗ್ ಹೊಡೀತಾರ್ರಿ. ಕೆಲಸ ಹೋದ್ರ ಹೋಗ್ಲಿ. ಬರೂ ಹೊಸಾವಗ ಹಗೂರಕ ಹೇಳಿ ಹೋಗಬೇಕು ಅಂತಿದ್ದೆ, ಈ ವಾಲ್ವ್ ಹಿಂಗ ತಿರುವಪಾ ಅಂತ."

ನಾನು ನುಂಗಿಕೊಳ್ಳಬಹುದಿತ್ತು. ಮತ್ತೆ ವೋಲ್ಟೇಜ್ ಎಂದು ಹೇಳಿ, ತಂತಿ ಸುತ್ತಿ, ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಹೊಸದಾಗಿ ಬರುವವನು ಅದೇ ವಾಲ್ವನ್ನು ಪೂರಾ ತಿರುವಿದರೆ ನಾಲ್ಕನೇ ಸಲ ಸುಡುತ್ತದೆ. ಹೇಳಿದೆ. ಟಾಕಿಯ ಎತ್ತರವೂ ತಪ್ಪಿದ್ದರಿಂದ ಪಂಪಿಗೆ ಭಾರವೇ ಇಲ್ಲದಾಯಿತು, ನೀರು ನುಗ್ಗಿತು, ಮೋಟಾರು ಸುಟ್ಟಿತು ಎಂದು ಅವನಿಗೆ ತಿಳಿಯುವಂತೆ ಹೇಳಿದೆ.

ಅವನು ಬೋರಿನ ಕಡೆ ನೋಡಿದ.

"ನಾನ ಸುಟ್ನೇನ್ರಿ?"

ಆ ಪ್ರಶ್ನೆಗೆ ನಾನು ಏನು ಉತ್ತರ ಕೊಟ್ಟೆ ಎಂದು ಎಷ್ಟು ಸಲ ನೆನೆದರೂ ಬೇರೆ ಬೇರೆ ಬರುತ್ತದೆ. ಒಮ್ಮೆ "ಹೌದು" ಎನ್ನುತ್ತೇನೆ, ಒಮ್ಮೆ "ನೀರು ಸುಟ್ಟಿತು" ಎನ್ನುತ್ತೇನೆ. ಬದಲಾಗದೆ ಬರುವುದು ಒಂದೇ. ಅವನು ತಲೆಯ ಮೇಲಿನ ಟವೆಲ್ ತೆಗೆದು ಮಡಿಚಿ ತೊಡೆಯ ಮೇಲಿಟ್ಟುಕೊಂಡ, ಸತ್ತವರ ಮನೆಯಲ್ಲಿ ಕೂರುವ ಹಾಗೆ. ಇಷ್ಟು ದಿನ ಮಾಡದ ತಪ್ಪಿಗೆ ಬೈಸಿಕೊಂಡು ಗಟ್ಟಿಯಾಗಿ ನಿಂತಿದ್ದವನು, ಮಾಡಿದ ಪುಣ್ಯವೇ ತಪ್ಪೆಂದು ತಿಳಿದಾಗ ಕುಸಿದ.

"ಮೋಟಾರು ಇಳಿಸಿದ ದಿನ ಎಲ್ಲರ ಮುಂದ ತೋರಸ್ತೇನಿ," ಎಂದೆ. "ನೀವು ಮಲಗಿದ್ದಿಲ್ಲ ಅನ್ನೂದು ಅದರಾಗ ಬರತೈತಿ. ಆದ್ರ ಆ ಎರಡನೇ ವಾಲ್ವಿಗೆ ನಾ ಕೈ ಹಚ್ಚೂದಿಲ್ಲ. ತಿರುವೂದು ಬಿಡೂದು ನಿಮಗ ಬಿಟ್ಟದ್ದು."

---

ಮೋಟಾರು ಸುತ್ತಿದೆ, ಸವೆದ ಚಕ್ರಗಳನ್ನು ಬದಲಿಸಿದೆ. ಚಾಚಾ ಇಳಿಸಿದ. ಸಭೆಗೆ ಮುಂಚಿನ ಬೆಳಿಗ್ಗೆ ಥ್ರೀಫೇಸ್ ಬರುವ ಹೊತ್ತಿಗೆ ಪಂಪ್ ಮನೆಯ ಮುಂದೆ ಅರ್ಧ ಊರು ನಿಂತಿತ್ತು. ಪಂಚಾಯಿತಿ ಅಧ್ಯಕ್ಷೆ ಸೆರಗು ಬಿಗಿದುಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಸಾವಕಾರರು ಜೇಬಿನಿಂದ ಕೀಲಿ ತೆಗೆದು, ಕೆಲಸದವನಿಗೆ ಕೊಡುವ ಹಾಗೆ ಕಾಕಾನ ಕೈಗೆ ಹಾಕಿದರು. "ತಗೀ, ಕಡೇ ಸಲ."

ತಂತಿಯ ಸುತ್ತ ಹಿಡಿದರೆ ಕರೆಂಟು ತೋರಿಸುವ ಟಾಂಗ್ ಟೆಸ್ಟರ್ ಕೈಯಲ್ಲಿ ಹಿಡಿದೆ. ಮೋಟಾರಿನ ಮೈಮೇಲೆ ಬರೆದಿದ್ದು ಹದಿನಾರು ಆಂಪಿಯರ್. ಅದಕ್ಕಿಂತ ಮೇಲೆ ಹೋಗಬಾರದು. ಟಾಕಿಯ ವಾಲ್ವ್ ಪೂರಾ ತೆರೆದು ಸ್ವಿಚ್ ಹಾಕಿಸಿದೆ. ಹದಿನೆಂಟು.

"ಈಗ ವಾಲ್ವ್ ಅರ್ಧಾ ಮುಚ್ಚರಿ," ಎಂದೆ.

"ಅಕ್ಕಾರ, ಹುಚ್ಚೇನ್ರಿ?" ಸಾವಕಾರರು ಮುಂದೆ ಬಂದರು. "ಬಾಯಿ ಕಟ್ಟಿದ್ರ ಉಸುರು ಸಿಕ್ಕತೈತಿ. ಮೋಟಾರ್ ಒಡೀತೈತಿ!"

"ನೀವ ಮುಚ್ಚರಿ. ಒಡದ್ರ ನಾ ಜವಾಬ್ದಾರಿ."

ಅವರು ತಿರುವಿದರು. ನಾನು ಟೆಸ್ಟರನ್ನು ಅವರ ಕಣ್ಣ ಮುಂದೆ ಹಿಡಿದೆ. ಹದಿನೇಳು. ಹದಿನಾರು. ಹದಿನೈದು. ಅವರು ಕೈ ತೆಗೆದು ನನ್ನ ಮುಖ ನೋಡಿದರು, ಮತ್ತೆ ತೆರೆದರು, ಮತ್ತೆ ಮುಚ್ಚಿದರು. ಅಂಕಿ ಅವರ ಕೈಯ ಹಿಂದೆ ನಾಯಿಮರಿಯ ಹಾಗೆ ಏರಿತು, ಇಳಿಯಿತು. ಗುಂಪಿನಲ್ಲಿ ಯಾರೋ ಅಂದರು, "ಅಯ್ಯ, ಮುಚ್ಚಿದ್ರ ತಣ್ಣಗಾಗತೈತಿ!" ನಾನು ಬೋರಿನ ಬಾಯಿಂದ ಹಗ್ಗ ಎತ್ತಿ ಹಸಿಯಾದ ಜಾಗ ತೋರಿಸಿದೆ. ಒಬ್ಬ ಮುದುಕ ಹಗ್ಗ ಹಿಂಡಿ, ಬೆರಳು ನಾಲಿಗೆಗೆ ಹಚ್ಚಿ ನೋಡಿದ. ಯಾರೂ ಹಿಗ್ಗಲಿಲ್ಲ. ಸಾವಿನ ಸುದ್ದಿ ಕೇಳಿದವರ ಹಾಗೆ ನಿಂತಿದ್ದರು. ಇಷ್ಟು ವರ್ಷ ಇಲ್ಲವೆಂದು ಬದುಕಿದ್ದು ಕಾಲಡಿಯಲ್ಲೇ ಇದೆ ಎಂದರೆ ನಗು ಒಮ್ಮೆಲೇ ಬರುವುದಿಲ್ಲ.

ಸಾವಕಾರರು ದಡ್ಡರಲ್ಲ. "ತಡೀರಿ," ಎಂದರು. "ಹದಿನೆಂಟಕ್ಕ ಮೂರು ಸಲ ಸುಡೂದಿಲ್ಲ. ಮತ್ತೇನೋ ಐತಿ."

ನಾನು ಟೆಸ್ಟರಿನ ಅಂಕಿ ನೋಡುತ್ತಿದ್ದೆ. ಚಾಚಾ ಶೇಂಗಾ ಸಿಪ್ಪೆಯನ್ನು ಕಾಲಿನಿಂದ ಒರೆಸುತ್ತಿದ್ದ. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಕಾಕಾ ಗುಂಪಿನ ನಡುವಿನಿಂದ ಎದ್ದ, ಗೋಡೆಯಾಚೆ ಹೋದ, ಟಾಕಿಯ ವಾಲ್ವ್ ಮುಚ್ಚುತ್ತ, ಇನ್ನೊಂದು ಕೈಯಿಂದ ಯಾರೂ ಮುಟ್ಟದ ವಾಲ್ವನ್ನು ತೆರೆದ. ಅದು ಚೂರೂ ಸದ್ದು ಮಾಡದೆ ತಿರುಗಿತು.

ಹತ್ತೊಂಬತ್ತು. ಇಪ್ಪತ್ತು. ಮೋಟಾರಿನ ದನಿ ಬದಲಾಯಿತು, ಕೀರಲು. ಇಪ್ಪತ್ತೆರಡು.

"ಅದನ್ನ ಯಾಕ ಮುಟ್ಟಿದಿ?" ಅಧ್ಯಕ್ಷೆ ಎದ್ದು ನಿಂತರು.

ಅವನು ಉತ್ತರ ಕೊಡುವ ಮೊದಲೇ ದಿನ್ನೆಯ ಮೇಲಿನಿಂದ ಕೊಡಗಳ ಸದ್ದು ಬಂತು. ಒಂದಲ್ಲ. ಇಡೀ ಓಣಿ ಒಮ್ಮೆಲೇ ಎದ್ದ ಹಾಗೆ. ಒಬ್ಬ ಹೆಣ್ಣುಮಗಳು ಬರಿಗಾಲಲ್ಲಿ ಓಡಿ ಬಂದಳು. "ಕಾಕಾ, ಬಂದೈತಿ! ಜರಾ ತಡದು ಬಂದ್ ಮಾಡ..." ಅಷ್ಟರಲ್ಲಿ ಗುಂಪು ನೋಡಿದಳು. ಕೈ ಬಾಯಿಗೆ ಹೋಯಿತು.

ಆ ಕ್ಷಣ ನನಗೆ ತಂತಿ ಮುಟ್ಟಿದಂತಾಯಿತು. ನಾನು ಇಷ್ಟು ಹೊತ್ತು ಕಾಕಾನ ಗುಟ್ಟು ಎಂದುಕೊಂಡಿದ್ದು ಅವನೊಬ್ಬನದಾಗಿರಲಿಲ್ಲ. ಒಂದು ಓಣಿಗೆ ಓಣಿಯೇ ಅದನ್ನು ನುಂಗಿ ಕೂತಿತ್ತು.

"ನಿಮಗ ಗೊತ್ತಿತ್ತೇನು?" ಎಂದರು ಅಧ್ಯಕ್ಷೆ. "ಮಲಗತಾನ ಅಂತ ಇವಗ ಊರೆಲ್ಲಾ ಬೈಯೂ ಮುಂದ ನೀವು ಅಲ್ಲೇ ನಿಂತಿದ್ರಿ. ಅವನ ಅನ್ನ ಹೋಗೂ ಹೊತ್ತನ್ಯಾಗೂ ಬಾಯಿ ಬಿಡಲಿಲ್ಲಲ್ಲ!"

ಅವಳು ನೆಲ ನೋಡಿದಳು. "ಬಾಯಿ ಬಿಟ್ರ ನೀರ ಹೋಗತಿತ್ರಿ, ಅಕ್ಕಾರ. ನೀವಾದ್ರ ಬಿಡತಿದ್ರೇನು?"

ಟೆಸ್ಟರಿನ ಮೇಲೆ ಇಪ್ಪತ್ತೆರಡು ಮಿನುಗುತ್ತಿತ್ತು, ನಾನು ಸುತ್ತಿದ ಹೊಸ ತಂತಿ ಕೆಳಗೆ ಬೇನೆ ತಿನ್ನುತ್ತಿತ್ತು. "ಕಾಕಾ, ಮುಚ್ಚರಿ!" ಎಂದು ಕೂಗಿದೆ. ಮೇಲೆ ಕೊಡಗಳು ತುಂಬುತ್ತಿದ್ದವು. ಅವನ ಕೈ ಚಕ್ರದ ಮೇಲಿತ್ತು, ತಿರುಗಲಿಲ್ಲ.

"ಪೂರಾ ಅಲ್ಲ," ಎಂದೆ. "ನಾ ಸಾಕು ಅನ್ನೂ ತನಕ ಅಷ್ಟ. ಸಣ್ಣಗ ಹೋಗತೈತಿ, ಆದ್ರ ಹೋಗತೈತಿ. ಬೋರ್ ಖಾಲಿ ಆಗೂದಿಲ್ಲ ಈಗ. ಥ್ರೀಫೇಸ್ ಇರೂ ತನಕ ಬಿಡಬಹುದು."

ಅವನು ತಿರುವಿದ, ಚೂರು ಚೂರೇ. ಇಪ್ಪತ್ತು. ಹದಿನೆಂಟು. ಕೀರಲು ದನಿ ಇಳಿದು ಗುಂಯ್ ಎಂದಿತು. ಹದಿನಾರು. "ಸಾಕು." ಒಳಗೆ ಹೋಗಿ ಟೆಸ್ಟರ್ ಇಟ್ಟು, ರಿಲೇಯ ಕಿವಿಯನ್ನೂ ಹದಿನಾರಕ್ಕೇ ತಂದು ನಿಲ್ಲಿಸಿದೆ. ಓಡಿ ಬಂದವಳು ದಿನ್ನೆಯ ಕಡೆ ಕಿವಿ ಕೊಟ್ಟಳು. ಕೊಡಗಳ ಸದ್ದು ನಿಂತಿರಲಿಲ್ಲ, ನಿಧಾನವಾಗಿತ್ತು. ಅವಳು ತಿರುಗಿ ನೋಡದೆ ಹೋದಳು.

ಇಲ್ಲಿಂದ ಮಾತು ಶುರುವಾಯಿತು, ಮಾತು ಶುರುವಾದರೆ ನನ್ನ ನೆನಪು ನಂಬಿಕೆಗೆ ಅರ್ಹವಲ್ಲ. ನಿಯಮ ಮುರಿದದ್ದಕ್ಕೆ ತೆಗೆಯಬೇಕೆಂದರು ಯಾರೋ. ನಿಯಮವನ್ನೇ ತೆಗೆಯಬೇಕೆಂದರು ಇನ್ಯಾರೋ. ಬೇಸಿಗೆಯಲ್ಲಿ ಕೆರೆ ಇಳಿದರೆ ಏನು ಎಂದು ಕೇಳಿದರು, ಆಗ ವಾಲ್ವ್ ತೆರೆದುಕೊಳ್ಳಿ, ಟೆಸ್ಟರ್ ನೋಡಿಕೊಂಡು ತೆರೆಯಿರಿ ಎಂದೆ. ನಿದ್ದೆಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಕೊನೆಗೆ ಅಧ್ಯಕ್ಷೆ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

"ಸಾವಕಾರ್ರ, ಕೀಲಿ ತರ್ರಿ ಇಲ್ಲಿ. ಯಾರಿಗೆ ಕೊಡಬೇಕು ಅನ್ನೂದು ಈಗ, ಇಲ್ಲೇ, ಎಲ್ಲಾರ ಮುಂದ ಆಗ್ಲಿ."

ಸಾವಕಾರರು ಜೇಬು ತಟ್ಟಿದರು. ಇನ್ನೊಂದು ಜೇಬು ತಟ್ಟಿದರು. ಬೆಳಿಗ್ಗೆ ತಾವೇ ಕೊಟ್ಟದ್ದು ನೆನಪಾಗಿ ಪಂಪ್ ಮನೆಯ ಕಡೆ ತಿರುಗಿದರು. ನಾವೆಲ್ಲರೂ ತಿರುಗಿದೆವು.

ಬಾಗಿಲಿಗೆ ಬೀಗ ಬಿದ್ದಿತ್ತು. ಕಾಕಾ ಇರಲಿಲ್ಲ. ಚಾಚಾ ದಿನ್ನೆಯ ಕಡೆ ಗದ್ದ ಎತ್ತಿ ತೋರಿಸಿದ. ಟವೆಲ್ ತಲೆಗೆ ಸುತ್ತಿಕೊಂಡು ಅವನು ಏರುತ್ತಿದ್ದ, ಕಡೇ ನಳದವರೆಗೆ ಮುಟ್ಟಿದೆಯೋ ಇಲ್ಲವೋ ನೋಡಲು. ದಿನಾ ಹೋಗುವ ಹಾಗೆ. ಕೀಲಿ ಅವನ ಸೊಂಟದಲ್ಲಿತ್ತು.

"ಏ ಕಾಕಾ!" ಸಾವಕಾರರು ಕೂಗಿದರು. ಅವರು ಅವನನ್ನು ಕಾಕಾ ಎಂದದ್ದು ನಾನು ಕೇಳಿದ್ದು ಅದೇ ಮೊದಲು, ಅಥವಾ ನನ್ನ ಕಿವಿ ಹಾಗೆ ಕೇಳಿಸಿಕೊಂಡಿತು. ಅವನು ತಿರುಗಲಿಲ್ಲ.

ನನ್ನ ಟೆಸ್ಟರ್, ಪಾನಾ, ಊಟದ ಡಬ್ಬಿ, ಎಲ್ಲ ಒಳಗಿದ್ದವು. ಅಧ್ಯಕ್ಷೆ ಮತ್ತೆ ಕಟ್ಟೆಯ ಮೇಲೆ ಕೂತರು. ಸಾವಕಾರರು ಸ್ವಲ್ಪ ಹೊತ್ತು ನಿಂತು ನೋಡಿ, ಅವರ ಪಕ್ಕದಲ್ಲಿ ಕೂತರು. ನಾನು ಮೆಟ್ಟಿಲ ಮೇಲೆ. ಚಾಚಾ ಎಲ್ಲರಿಗೂ ಶೇಂಗಾ ಹಂಚಿದ. ಮುಚ್ಚಿದ ಬಾಗಿಲ ಹಿಂದೆ ಸ್ಟಾರ್ಟರ್ ಗುಂಯ್ ಎನ್ನುತ್ತಿತ್ತು. ಅವನು ನಿಧಾನವಾಗಿ, ಒಂದೊಂದು ನಳದ ಮುಂದೂ ನಿಂತು ಇಳಿದು ಬರುವವರೆಗೆ ನಾವು ಅಲ್ಲೇ ಕಾದೆವು.